ಒಂದೇ ನೊಗದ ಎರಡು ಎತ್ತು

ಮೈಸೂರಿನಿಂದ ನಂಜನಗೂಡಿನ ಹಾದಿ ಹಿಡಿದು ಹೊರಟವರಿಗೆ, ಕಡಕೊಳವನ್ನು ದಾಟಿದ ಮೇಲೆ ತಾಂಡವಪುರವೆಂಬ ಊರು ಎದುರಾಗುತ್ತದೆ. ಊರಿನ ಹೆಸರಿನಲ್ಲಿಯೇ ಶಿವನ ಕುಣಿತವಿದೆ. ಮುಂದಿನ ಪಟ್ಟಣದಲ್ಲಿ ಶ್ರೀಕಂಠೇಶ್ವರನೇ ಬಂದು ನೆಲಸಿದ್ದಾನೆ. ಚಾಮರಾಜನಗರದ ರೈಲುಗಾಡಿ ಇಲ್ಲಿಯ ಪುಟ್ಟ ನಿಲ್ದಾಣವನ್ನು ಹಾದುಹೋಗುತ್ತದೆ. ಹೊಲಗದ್ದೆಗಳ ನಡುನಡುವೆ ಈಗ ಕಾರ್ಖಾನೆಗಳ ತಗಡಿನ ಮಾಡುಗಳು ಎದ್ದಿವೆ. ಹಗಲೆನ್ನದೆ ಇರುಳೆನ್ನದೆ ಸರಕು ಹೊತ್ತ ಲಾರಿಗಳು ಇಲ್ಲಿಯ ಗೇಟುಗಳಿಂದ ಹೊರಬಿದ್ದು ಹೆದ್ದಾರಿಯನ್ನು ಸೇರುತ್ತವೆ.

ಪ್ರತಿಯೊಂದು ಗೇಟಿನಲ್ಲಿಯೂ ಖಾಕಿ ಉಡುಪು ತೊಟ್ಟ ಕಾವಲುಗಾರನೊಬ್ಬನಿರುತ್ತಾನೆ. ಅವನ ಮುಂದೆ ದಪ್ಪನೆಯದೊಂದು ಪುಸ್ತಕ. ಬಂದವರ ಹೆಸರು, ಬಂದ ಹೊತ್ತು, ಗಾಡಿಯ ಸಂಖ್ಯೆ, ಯಾರನ್ನು ಕಾಣಲು ಬಂದರೆಂಬುದು, ಎಲ್ಲವನ್ನೂ ಅದರಲ್ಲಿ ಬರೆದುಕೊಂಡ ಮೇಲೆಯೇ ಒಳಗೆ ಬಿಡುತ್ತಾನೆ. ಒಪ್ಪಿಗೆಯಿಲ್ಲದವರನ್ನು ಹಿಂದಕ್ಕೆ ಕಳುಹಿಸುತ್ತಾನೆ. ಹಿಂದಕ್ಕೆ ಕಳುಹಿಸಿದುದನ್ನೂ ಬರೆದಿಡುತ್ತಾನೆ. ಇವನನ್ನು ಎಲ್ಲರೂ ನೋಡಿದ್ದಾರೆ. ಆದರೆ ಅದೇ ಕಾರ್ಖಾನೆಯ ಒಳಗೆ, ಯಾವುದೋ ಕೊಠಡಿಯ ಮೂಲೆಯಲ್ಲಿ, ಇನ್ನೊಬ್ಬ ಕಾವಲುಗಾರನಿದ್ದಾನೆ. ಅವನಿಗೆ ಉಡುಪಿಲ್ಲ, ಊಟವಿಲ್ಲ, ನಿದ್ರೆಯೂ ಇಲ್ಲ. ಅವನನ್ನು ಫೈರ್‌ವಾಲ್ ಎಂದು ಕರೆಯುತ್ತಾರೆ.

ಕಟ್ಟಡಗಳಲ್ಲಿ ಒಂದು ಕಡೆ ಹೊತ್ತಿದ ಬೆಂಕಿ ಇನ್ನೊಂದು ಕಡೆಗೆ ಹಬ್ಬದಂತೆ ತಡೆಯುವ ಗೋಡೆಗೆ ಆ ಹೆಸರು ಮೊದಲು ಸಂದದ್ದು. ಗಣಕಯಂತ್ರಗಳ ಲೋಕ ಅದನ್ನು ಕಡ ತಂದಿತು. ಹೊರಗಿನ ಅಂತರಜಾಲಕ್ಕೂ ಒಳಗಿನ ಗಣಕಗಳಿಗೂ ನಡುವೆ ಕುಳಿತ ಈ ಪೆಟ್ಟಿಗೆ, ಬರುವ ಹೋಗುವ ಮಾಹಿತಿಯ ಒಂದೊಂದು ಪೊಟ್ಟಣವನ್ನೂ ತಡೆದು ಪರೀಕ್ಷಿಸುತ್ತದೆ. ಎಲ್ಲಿಂದ ಬಂದಿತು, ಎಲ್ಲಿಗೆ ಹೊರಟಿದೆ, ಯಾವ ಬಾಗಿಲನ್ನು ತಟ್ಟುತ್ತಿದೆ ಎಂದು ಕೇಳಿ, ನಿಯಮಕ್ಕೆ ಒಪ್ಪಿದರೆ ಬಿಡುತ್ತದೆ, ಇಲ್ಲವಾದರೆ ನಿಲ್ಲಿಸುತ್ತದೆ. ಗೇಟಿನ ಕಾವಲುಗಾರನಂತೆಯೇ ಇದೂ ತಾನು ಕಂಡದ್ದನ್ನೆಲ್ಲ ಬರೆದಿಡುತ್ತದೆ. ಇಂದಿನ ಕಥೆಯೆಲ್ಲ ಆ ಬರವಣಿಗೆಯದು.

ಬರೆಯದೆ ಇದ್ದರಾಗದೆ ಎಂದು ಯಾರಾದರೂ ಕೇಳಬಹುದು. ಆಗದು. ಕಳ್ಳ ಹೊಕ್ಕ ಮೇಲೆ ಅವನು ಎಂದು, ಯಾವ ದಾರಿಯಿಂದ ಹೊಕ್ಕನೆಂದು ತಿಳಿಯಬೇಕಾದರೆ ಆ ಪುಸ್ತಕವನ್ನೇ ತೆರೆಯಬೇಕು. ಗಣಕ ಸಂಬಂಧದ ಅಪಾಯಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಸರ್ಟ್-ಇನ್ ೨೦೨೨ರ ಏಪ್ರಿಲ್ ೨೮ರಂದು ಹೊರಡಿಸಿದ ನಿರ್ದೇಶನದಲ್ಲಿ, ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಗಳ ದಾಖಲೆಗಳನ್ನು ೧೮೦ ದಿನಗಳಷ್ಟು ಕಾಲ ಕಾಪಾಡಿಕೊಂಡಿರಬೇಕೆಂದು ವಿಧಿಸಿತು. ಬರವಣಿಗೆಯು ಹೀಗೆ ಬುದ್ಧಿವಂತಿಕೆಯ ಮಾತಾಗಿರುವುದಲ್ಲದೆ ಕಟ್ಟಳೆಯೂ ಆಗಿದೆ.

ಇನ್ನು, ಇಷ್ಟೆಲ್ಲ ಬರೆಯುವ ಪುಸ್ತಕ ಒಂದೇ ಆಗಿದ್ದು, ಅದು ಕೆಟ್ಟರೆ? ದಾಖಲೆ ಹೋಗುವುದು ಒಂದು ನಷ್ಟ. ಕಾವಲುಗಾರನ ನಿಯಮಗಳೂ ಅದೇ ಪುಸ್ತಕದಲ್ಲಿರುವುದರಿಂದ ಅವನೇ ಮರವೆಗೊಳಗಾಗಿ ನಿಂತುಬಿಡುವುದು ಅದಕ್ಕಿಂತ ದೊಡ್ಡ ನಷ್ಟ. ಈ ಭಯದಿಂದಲೇ ಒಳ್ಳೆಯ ಪೆಟ್ಟಿಗೆಗಳಲ್ಲಿ ಎರಡು ಪುಸ್ತಕಗಳನ್ನು ಇಡುತ್ತಾರೆ. ಒಂದರಲ್ಲಿ ಬರೆದುದನ್ನೇ ಅದೇ ಕ್ಷಣದಲ್ಲಿ ಇನ್ನೊಂದರಲ್ಲಿಯೂ ಬರೆಯುವುದು ಕ್ರಮ. ಒಂದು ಹರಿದುಹೋದರೂ ಇನ್ನೊಂದು ಉಳಿಯುತ್ತದೆ, ಕೆಲಸ ನಿಲ್ಲುವುದಿಲ್ಲ. ಇದಕ್ಕೆ ಕನ್ನಡಿ ಪದ್ಧತಿಯೆಂದು ಹೆಸರು. ೧೯೮೮ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿದ್ದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಎಂಬ ಮೂವರು ವಿದ್ವಾಂಸರು, ಅಗ್ಗದ ಹಲವು ತಟ್ಟೆಗಳನ್ನು ಜೊತೆಗೂಡಿಸಿ ದುಬಾರಿಯ ಒಂದು ದೊಡ್ಡ ತಟ್ಟೆಗಿಂತ ಹೆಚ್ಚು ನಂಬಿಕೆಯ ಸಂಗ್ರಹವನ್ನು ಕಟ್ಟಬಹುದೆಂದು ತೋರಿಸಿ, ಅದರ ಬಗೆಗಳನ್ನು ವಿಂಗಡಿಸಿದರು. ಆ ವಿಂಗಡಣೆಯಲ್ಲಿ ಮೊದಲನೆಯದೇ ಈ ಕನ್ನಡಿ ಪದ್ಧತಿ. ಅವರಿಗಿಂತ ಮೊದಲೇ ಅದು ಬಳಕೆಯಲ್ಲಿತ್ತು.

ಈ ಕಾಲದ ಪುಸ್ತಕವೆಂದರೆ ತಿರುಗುವ ತಟ್ಟೆಯಲ್ಲ. ಎಸ್‌ಎಸ್‌ಡಿ ಎಂಬ ಫಲಕ. ಅದನ್ನು ಕನ್ನಡದಲ್ಲಿ ಸ್ಮೃತಿಫಲಕವೆಂದು ಕರೆದರೆ ತಪ್ಪಾಗಲಾರದು. ಈಗ ಹೆಚ್ಚು ಬಳಕೆಯಲ್ಲಿರುವ ಒಂದು ಬಗೆ ೨೨ ಮಿಲಿಮೀಟರ್ ಅಗಲ, ೮೦ ಮಿಲಿಮೀಟರ್ ಉದ್ದ. ಬಾಲಕನ ಅಂಗೈಯಲ್ಲಿ ಅಡಗಬಲ್ಲದು. ತಿರುಗುವ ಭಾಗವೊಂದೂ ಇಲ್ಲ, ಸದ್ದಿಲ್ಲ. ಅದರೊಳಗೆ ಕೋಟ್ಯಂತರ ಕಿರುಕೋಣೆಗಳು. ಒಂದೊಂದು ಕೋಣೆಯಲ್ಲಿಯೂ ವಿದ್ಯುತ್ಕಣಗಳನ್ನು ಕೂಡಿಹಾಕುವುದೇ ಅಲ್ಲಿಯ ಬರವಣಿಗೆ. ಹೊರಕ್ಕೆ ಸೆಳೆಯುವುದೇ ಅಳಿಸುವಿಕೆ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೋ ಮಸುವೋಕ ೧೯೮೦ರ ದಶಕದಲ್ಲಿ ಇದನ್ನು ಕಂಡುಹಿಡಿದವರು. ಒಂದು ಗುಂಪಿನ ಕೋಣೆಗಳೆಲ್ಲ ಒಮ್ಮೆಗೇ ಅಳಿಸಿಹೋಗುವ ಪರಿ ಛಾಯಾಚಿತ್ರಗಾರನ ಮಿಂಚುದೀಪವನ್ನು ನೆನಪಿಗೆ ತರುತ್ತದೆಂದು ಸಹೋದ್ಯೋಗಿಯೊಬ್ಬರು ಹೇಳಿದುದರಿಂದ ಅದಕ್ಕೆ ಫ್ಲ್ಯಾಷ್ ಎಂಬ ಹೆಸರು ನಿಂತಿತು.

ಇಲ್ಲೊಂದು ಗುಟ್ಟಿದೆ. ಶಾಲೆಯ ಹುಡುಗರ ಸ್ಲೇಟನ್ನು ಬಲ್ಲವರಿಗೆ ಅದು ಸುಲಭವಾಗಿ ತಿಳಿದೀತು. ಸ್ಲೇಟಿನ ಮೇಲೆ ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಅದರ ಮೈ ಸವೆದು ಬಳಪದ ಗೆರೆಯೇ ಮೂಡದಂತಾಗುತ್ತದೆ. ಸ್ಮೃತಿಫಲಕದ ಕೋಣೆಯ ಗತಿಯೂ ಅದೇ. ವಿದ್ಯುತ್ಕಣಗಳು ಒಳಹೋಗಿ ಹೊರಬರುವಾಗಲೆಲ್ಲ ಕೋಣೆಯ ತೆಳುಗೋಡೆ ಅಷ್ಟಷ್ಟು ನೋಯುತ್ತದೆ. ಹಲವು ಸಲ ಹೀಗಾದ ಮೇಲೆ ಕಣಗಳು ಒಳಗೆ ನಿಲ್ಲದೆ ಸೋರತೊಡಗುತ್ತವೆ. ಒಂದು ಕೋಣೆಯಲ್ಲಿ ಒಂದೇ ಅಂಕೆಯನ್ನು ಇಡುತ್ತಿದ್ದ ಮೊದಲಿನ ಫಲಕಗಳು ಸುಮಾರು ಒಂದು ಲಕ್ಷ ಸಲದ ಅಳಿಸುವಿಕೆಯನ್ನು ತಾಳುತ್ತಿದ್ದವು. ಬೆಲೆ ಇಳಿಸಲೆಂದು ಒಂದೊಂದು ಕೋಣೆಯಲ್ಲಿ ಮೂರು ಅಂಕೆಗಳನ್ನು ತುರುಕುವ ಈಗಿನ ಸಾಮಾನ್ಯ ಫಲಕಗಳ ತಾಳ್ಮೆ ಕೆಲವೇ ಸಾವಿರ ಸಲಗಳದು. ಯಾವುದೊಂದು ಕೋಣೆಯೂ ಬೇಗ ಸವೆಯದಿರಲೆಂದು ಫಲಕದ ಒಳಗಿನ ನಿಯಂತ್ರಕವು ಬರವಣಿಗೆಯನ್ನು ಎಲ್ಲ ಕಡೆಗೂ ಸಮನಾಗಿ ಹಂಚುತ್ತದೆ. ಹಂಚುವುದರಿಂದ ಆಯುಸ್ಸು ಹೆಚ್ಚುತ್ತದೆ. ಆಯುಸ್ಸಿಗೆ ಮಿತಿಯಿಲ್ಲದೆ ಹೋಗುವುದಿಲ್ಲ.

ತಯಾರಕರು ಈ ಮಿತಿಯನ್ನು ಮುಚ್ಚಿಡುವುದಿಲ್ಲ. ೨೫೦ ಗಿಗಾಬೈಟಿನ ಒಂದು ಪ್ರಸಿದ್ಧ ಫಲಕಕ್ಕೆ ೧೫೦ ಟೆರಾಬೈಟಿನಷ್ಟು ಬರವಣಿಗೆಯ ಹೊಣೆಯನ್ನು ಅದನ್ನು ಮಾಡಿದವರೇ ಹೊತ್ತಿದ್ದಾರೆ. ಮನೆಯ ಗಣಕಕ್ಕೆ ಇದು ಎಂದೂ ಮುಗಿಯದ ಕಣಜ. ದಿನಕ್ಕೆ ೧೦೦ ಗಿಗಾಬೈಟು ಬರೆಯುವ ಕಾವಲುಪೆಟ್ಟಿಗೆಗಾದರೋ ಅದು ೧೫೦೦ ದಿನಗಳ ಬುತ್ತಿ. ನಾಲ್ಕು ವರ್ಷಕ್ಕೆ ಸ್ವಲ್ಪ ಮೇಲೆ. ಬುತ್ತಿ ಎಷ್ಟು ಖರ್ಚಾಯಿತೆಂಬುದನ್ನು ಫಲಕವೇ ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. ನೂರು ಮುಟ್ಟಿದ ಒಡನೆಯೆ ಅದು ಸಾಯಬೇಕೆಂದೇನೂ ಇಲ್ಲ. ಹೊಸ ಬಗೆಯ ಫಲಕಗಳಲ್ಲಿ ಆ ಅಂಕಿ ೨೫೫ರವರೆಗೂ ಏರಲು ಅವಕಾಶವಿದೆ. ನೂರರ ಮೇಲೆ ಬದುಕಿದ ಪ್ರತಿಯೊಂದು ದಿನವೂ ದೇವರು ಕೊಟ್ಟದ್ದೇ ಹೊರತು ತಯಾರಕ ಕೊಟ್ಟದ್ದಲ್ಲ, ಅಷ್ಟೇ ವ್ಯತ್ಯಾಸ.

ತಾಂಡವಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯನ್ನು ಈಗ ಊಹಿಸಿಕೊಳ್ಳಬಹುದು. ಹೆಸರು ಬೇಡ; ಯಾವುದಾದರೂ ಆದೀತು. ಅಲ್ಲಿಯ ಗಣಕಗಳ ಯೋಗಕ್ಷೇಮಕ್ಕೆ ಒಬ್ಬನೇ ಒಬ್ಬ ತರುಣ. ಒಂದು ದಿನ ಅವನು ಕಾವಲುಪೆಟ್ಟಿಗೆಯ ಎರಡು ಫಲಕಗಳ ಸವೆತವನ್ನು ನೋಡಿದ. ಒಂದರದು ಶೇಕಡಾ ೯೫, ಇನ್ನೊಂದರದು ೯೪. ಅವನ ಎದೆ ಧಸಕ್ಕೆಂದಿತು. ಕೂಡಲೆ ಎರಡು ಫಲಕಗಳಿಗೆ ಬೇಡಿಕೆಯ ಪತ್ರ ಬರೆದುಕೊಂಡು ಲೆಕ್ಕಾಧಿಕಾರಿಗಳ ಮುಂದೆ ನಿಂತ.

“ಕೆಟ್ಟಿದೆಯೆ?” ಎಂದರು ಲೆಕ್ಕಾಧಿಕಾರಿಗಳು, ಕನ್ನಡಕದ ಮೇಲಿನಿಂದ ನೋಡುತ್ತ.

“ಇಲ್ಲ, ಸ್ವಾಮಿ. ಇನ್ನೂ ಕೆಟ್ಟಿಲ್ಲ.”

“ಕೆಡದ ವಸ್ತುವನ್ನು ಬದಲಾಯಿಸುವುದೆ? ಅದೂ ಅಲ್ಲದೆ ಎರಡಿವೆಯೆಂದು ನೀನೇ ಹೇಳಿದ್ದೆಯಲ್ಲ. ಒಂದು ಹೋದರೆ ಇನ್ನೊಂದಿದೆ. ಹೋದಾಗ ನೋಡಿಕೊಳ್ಳೋಣ.”

ಲೆಕ್ಕಾಧಿಕಾರಿಗಳು ದುಡ್ಡಿನಲ್ಲಿ ಜಿಪುಣರಿರಬಹುದು, ಬುದ್ಧಿಯಲ್ಲಿ ಅಲ್ಲ. ಅವರ ಮಾತು ಮೇಲುನೋಟಕ್ಕೆ ಸರಿಯಾಗಿಯೇ ಇದೆ. ಎರಡಿರುವುದು ಒಂದು ಹೋದಾಗ ಇನ್ನೊಂದು ಇರಲಿ ಎಂದೇ ಅಲ್ಲವೆ? ಈ ಧೈರ್ಯದಲ್ಲಿಯೇ ಲೋಕದ ಎಷ್ಟೋ ಮನೆಗಳು, ಎಷ್ಟೋ ಕಚೇರಿಗಳು ನೆಮ್ಮದಿಯಾಗಿ ನಿದ್ರೆ ಮಾಡುತ್ತಿವೆ. ಆದರೆ ಆ ಮಾತಿನ ಬುಡದಲ್ಲಿ ಒಂದು ನಂಬಿಕೆ ಅಡಗಿದೆ: ಒಂದರ ಸಾವಿಗೂ ಇನ್ನೊಂದರ ಸಾವಿಗೂ ಸಂಬಂಧವಿಲ್ಲ ಎಂಬುದು. ಆ ನಂಬಿಕೆ ಮುರಿದರೆ ಎರಡು ಎಂಬ ಸಂಖ್ಯೆಗೆ ಬೆಲೆಯೇ ಉಳಿಯುವುದಿಲ್ಲ.

ಕನ್ನಡಿ ಪದ್ಧತಿಯಲ್ಲಿ ಆ ನಂಬಿಕೆ ಮುರಿಯುತ್ತದೆ. ಎರಡು ಫಲಕಗಳನ್ನೂ ಒಂದೇ ಅಂಗಡಿಯಿಂದ, ಒಂದೇ ದಿನ ಕೊಂಡದ್ದು. ಒಂದೇ ಕಾರ್ಖಾನೆಯ ಒಂದೇ ಸರದಿಯಲ್ಲಿ ಹುಟ್ಟಿದ್ದು. ಒಂದೇ ಪೆಟ್ಟಿಗೆಯ ಒಂದೇ ಕಾವಿನಲ್ಲಿ ಬೆಂದದ್ದು. ವಿದ್ಯುತ್ತು ಹೋದಾಗ ಒಟ್ಟಿಗೇ ಆರಿದ್ದು. ಎಲ್ಲಕ್ಕಿಂತ ಮಿಗಿಲಾಗಿ, ಒಂದರಲ್ಲಿ ಬರೆದ ಅಕ್ಷರಗಳನ್ನೆಲ್ಲ ಇನ್ನೊಂದರಲ್ಲಿಯೂ ಬರೆದದ್ದು. ಸವೆತದ ಅಂಕಿಗಳು ೯೫ ಮತ್ತು ೯೪ ಎಂದು ಕೈಕೈ ಹಿಡಿದು ನಡೆದದ್ದು ಆಕಸ್ಮಿಕವಲ್ಲ. ಪದ್ಧತಿಯ ಸ್ವಭಾವವೇ ಅದು. ಒಂದೇ ನೊಗಕ್ಕೆ ಕಟ್ಟಿದ, ಒಂದೇ ಸಂತೆಯಲ್ಲಿ ಕೊಂಡ, ಒಂದೇ ವಯಸ್ಸಿನ ಎರಡು ಎತ್ತುಗಳಂತೆ ಅವು. ಒಂದು ಕಾಲು ಸೋತು ಕುಳಿತ ದಿನ ಇನ್ನೊಂದರ ಕಾಲಿನಲ್ಲಿ ಎಷ್ಟು ಕಸುವಿದ್ದೀತು? ಅದರಲ್ಲಿಯೂ, ಅದುವರೆಗೆ ಇಬ್ಬರು ಎಳೆದ ಗಾಡಿಯನ್ನು ಅಂದಿನಿಂದ ಅದೊಂದೇ ಎಳೆಯಬೇಕು.

ಇದು ಬರಿಯ ಹೆದರಿಕೆಯ ಮಾತಲ್ಲವೆಂಬುದಕ್ಕೆ ಲೋಕಪ್ರಸಿದ್ಧ ನಿದರ್ಶನವೊಂದಿದೆ. ೨೦೧೯ರ ನವೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಎಂಬ ದೊಡ್ಡ ಸಂಸ್ಥೆ ತನ್ನ ಗಿರಾಕಿಗಳಿಗೆ ಎಚ್ಚರಿಕೆಯೊಂದನ್ನು ಕಳುಹಿಸಿತು. ಅದು ಮಾರಿದ ಕೆಲವು ಬಗೆಯ ಫಲಕಗಳ ಒಳಗಿನ ತಂತ್ರಾಂಶದಲ್ಲಿ ದೋಷವಿತ್ತು. ಫಲಕವು ೩೨,೭೬೮ ಗಂಟೆಗಳ ಕಾಲ ದುಡಿದ ಕ್ಷಣಕ್ಕೆ, ಎಂದರೆ ೩ ವರ್ಷ ೨೭೦ ದಿನ ೮ ಗಂಟೆಗಳು ತುಂಬಿದೊಡನೆ, ಸತ್ತುಹೋಗುತ್ತಿತ್ತು. ಆಮೇಲೆ ಫಲಕವೂ ದಕ್ಕುತ್ತಿರಲಿಲ್ಲ, ಅದರಲ್ಲಿದ್ದ ಮಾಹಿತಿಯೂ ದಕ್ಕುತ್ತಿರಲಿಲ್ಲ. ಒಂದೇ ಹೊತ್ತಿನಲ್ಲಿ ಕೆಲಸಕ್ಕೆ ಹಚ್ಚಿದ ಫಲಕಗಳು ಬಹುಮಟ್ಟಿಗೆ ಒಂದೇ ಹೊತ್ತಿನಲ್ಲಿ ಹೋದಾವೆಂದು ಆ ಎಚ್ಚರಿಕೆಯೇ ಸ್ಪಷ್ಟವಾಗಿ ಹೇಳಿತ್ತು. ೨೦೨೦ರ ಮಾರ್ಚಿನಲ್ಲಿ ಇನ್ನೊಂದು ಬಗೆಯ ಫಲಕಗಳ ವಿಷಯದಲ್ಲಿ ೪೦,೦೦೦ ಗಂಟೆಗಳ ಅಂಥದೇ ಎಚ್ಚರಿಕೆ ಬಂದಿತು. ದೋಷವನ್ನು ತಿದ್ದುವ ಹೊಸ ತಂತ್ರಾಂಶವನ್ನು ಸಂಸ್ಥೆ ಎರಡು ಸಲವೂ ಹಂಚಿತು. ಅದನ್ನು ಹಾಕಿಕೊಳ್ಳದೆ, ಎರಡಿವೆಯೆಂಬ ಧೈರ್ಯದಿಂದ ಕುಳಿತವನಿಗೆ ಎರಡು ಫಲಕಗಳೂ ಅದೊಂದೇ ಗಳಿಗೆಗೆ ಕೈಬಿಡುವ ಸಂಭವವಿತ್ತು.

ಇನ್ನೊಂದು ಸಂಗತಿಯೂ ಇದೆ. ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕ ಶ್ರೋಡರ್ ಎಂಬ ವಿದುಷಿ, ಗೂಗಲ್ ಸಂಸ್ಥೆಯಲ್ಲಿ ಆರು ವರ್ಷ ದುಡಿದ ಫಲಕಗಳ ಇತಿಹಾಸವನ್ನು ಸಹೋದ್ಯೋಗಿಗಳೊಡನೆ ಪರಿಶೀಲಿಸಿ ೨೦೧೬ರಲ್ಲಿ ಪ್ರಕಟಿಸಿದರು. ತಿರುಗುವ ತಟ್ಟೆಗಳಿಗಿಂತ ಈ ಫಲಕಗಳನ್ನು ಬದಲಾಯಿಸಬೇಕಾಗಿ ಬರುವುದು ಕಡಿಮೆ. ಆದರೆ ಬರೆದಿಟ್ಟ ಯಾವುದೋ ತುಣುಕನ್ನು ಮತ್ತೆ ಓದಲಾಗದೆ ಹೋಗುವುದು ಹೆಚ್ಚು ಎಂಬುದು ಅವರು ಕಂಡ ಸತ್ಯ. ಜೊತೆಯ ಫಲಕವಿರುವವರೆಗೆ ಅಂಥ ತುಣುಕಿನಿಂದ ತೊಂದರೆಯಿಲ್ಲ. ಅದರ ಪ್ರತಿ ಇನ್ನೊಂದರಲ್ಲಿರುತ್ತದೆ. ಜೊತೆ ಸತ್ತ ಮೇಲೆ, ಉಳಿದ ಒಂಟಿ ಫಲಕದಿಂದ ಹೊಸದಕ್ಕೆ ಎಲ್ಲವನ್ನೂ ನಕಲು ತೆಗೆಯುವ ಹೊತ್ತಿನಲ್ಲಿ ಅದು ಎದುರಾದರೆ ಕೇಳುವವರಿಲ್ಲ. ಫಲಕವು ತಾನು ಸಾಯುವ ಮುನ್ನ ಸದ್ದು ಮಾಡಿ ತಿಳಿಸುವುದೂ ಇಲ್ಲ.

ತರುಣ ಇದನ್ನೆಲ್ಲ ಲೆಕ್ಕಾಧಿಕಾರಿಗಳಿಗೆ ಹೇಳಿದ. ಅವರು ಕೇಳಿದರು, ಒಲಿಯಲಿಲ್ಲ. ಕೊನೆಗೆ ಅವನು ಬೇರೊಂದು ದಾರಿ ಹಿಡಿದ. “ಸ್ವಾಮಿ, ಪೆಟ್ಟಿಗೆ ನಿಂತರೆ ಇಂಟರ್‌ನೆಟ್ ನಿಲ್ಲುತ್ತದೆ. ಇಂಟರ್‌ನೆಟ್ ನಿಂತರೆ ಕಚೇರಿಯಲ್ಲಿ ಇ-ವೇ ಬಿಲ್ ತೆಗೆಯುವಂತಿಲ್ಲ. ಬಿಲ್ ಇಲ್ಲದೆ ಲಾರಿ ಗೇಟು ದಾಟುವಂತಿಲ್ಲ.” ೨೦೧೮ರಿಂದ ಜಾರಿಗೆ ಬಂದ ಆ ವ್ಯವಸ್ಥೆಯಲ್ಲಿ, ಐವತ್ತು ಸಾವಿರ ರೂಪಾಯಿಗಳಿಗಿಂತ ಹೆಚ್ಚು ಬೆಲೆಯ ಸರಕು ಸಾಮಾನ್ಯವಾಗಿ ಆ ಬಿಲ್ಲಿಲ್ಲದೆ ರಸ್ತೆಗೆ ಇಳಿಯುವಂತಿಲ್ಲವೆಂಬುದನ್ನು ಲೆಕ್ಕಾಧಿಕಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಕಿಟಕಿಯ ಹೊರಗೆ ನೋಡಿದರು. ಸರಕು ತುಂಬಿದ ನಾಲ್ಕು ಲಾರಿಗಳು ಸಾಲಾಗಿ ನಿಂತಿದ್ದವು. ಒಂದು ಲಾರಿ ಒಂದು ದಿನ ಸುಮ್ಮನೆ ನಿಂತರೆ ಎಷ್ಟು ನಷ್ಟವೆಂಬುದು ಅವರ ಬೆರಳ ತುದಿಯಲ್ಲಿತ್ತು. ಫಲಕದ ಬೆಲೆಯನ್ನು ಇನ್ನೊಮ್ಮೆ ನೋಡಿದರು. ಮಾತಾಡದೆ ಸಹಿ ಹಾಕಿದರು. ಆದರೆ ಎರಡಕ್ಕಲ್ಲ, ಒಂದಕ್ಕೆ.

ತರುಣನಿಗೆ ಮೊದಲು ನಿರಾಶೆಯಾಯಿತು. ಯೋಚಿಸಿದಂತೆಲ್ಲ ಲೆಕ್ಕಾಧಿಕಾರಿಗಳು ಅರಿಯದೆಯೆ ಒಳ್ಳೆಯದನ್ನು ಮಾಡಿದರೆಂದು ತೋರಿತು. ಎರಡನ್ನೂ ಒಂದೇ ದಿನ ಕೊಂಡು ಒಂದೇ ದಿನ ಹಾಕಿದರೆ, ನಾಲ್ಕು ವರ್ಷಗಳ ಮೇಲೆ ಮತ್ತೆ ಇದೇ ಅವಳಿ ಸಾವಿನ ಭಯ. ಒಂದನ್ನು ಈಗ ಹಾಕಿ, ಇನ್ನೊಂದನ್ನು ಕೆಲವು ತಿಂಗಳು ಕಳೆದು ಬೇರೆ ತಯಾರಕನಿಂದ ತರಿಸಿದರೆ ಜೋಡಿಯ ವಯಸ್ಸೂ ಬೇರೆಯಾಗುತ್ತದೆ, ಹುಟ್ಟಿದ ಮನೆಯೂ ಬೇರೆಯಾಗುತ್ತದೆ. ಹೊಸ ಕರುವನ್ನು ಪಳಗಿದ ಎತ್ತಿನ ಜೊತೆಗೆ ಕಟ್ಟುವ ರೈತನ ಜಾಣ್ಮೆ ಅದು.

ಕಾರ್ಖಾನೆಗೆ ಬಿಡುವಿದ್ದ ಒಂದು ಭಾನುವಾರ ಕೆಲಸ ಮೊದಲಾಯಿತು. ತಿಳಿದವನು ಇಂಥ ಕೆಲಸಕ್ಕೆ ತಿರುಪುಳಿ ಹಿಡಿಯುವ ಮೊದಲು ಲೇಖನಿ ಹಿಡಿಯುತ್ತಾನೆ. ಪೆಟ್ಟಿಗೆಯ ನಿಯಮಗಳನ್ನೆಲ್ಲ ಬೇರೊಂದು ಕಡೆಗೆ ನಕಲು ತೆಗೆದು, ಆ ನಕಲು ತೆರೆಯುತ್ತದೆಯೆ ಎಂದು ನೋಡಿಕೊಂಡ. ಕನ್ನಡಿ ಎಂದಿಗೂ ನಕಲಿನ ಸ್ಥಾನವನ್ನು ತುಂಬಲಾರದು. ತಪ್ಪಿ ಒಂದು ನಿಯಮವನ್ನು ಅಳಿಸಿದರೆ ಕನ್ನಡಿಯಲ್ಲಿಯೂ ಅದು ಅದೇ ಕ್ಷಣದಲ್ಲಿ ಅಳಿಸಿಹೋಗುತ್ತದೆ. ಮುಖದಲ್ಲಿ ಮಸಿಯಿದ್ದರೆ ಕನ್ನಡಿಯಲ್ಲಿಯೂ ಮಸಿಯೇ. ಅನಂತರ, ತೆಗೆಯಬೇಕಾದ ಫಲಕದ ಕ್ರಮಸಂಖ್ಯೆಯನ್ನು ಬರೆದುಕೊಂಡ. ಸವೆದದ್ದನ್ನು ತೆಗೆಯುವ ಬದಲು ಗಟ್ಟಿಯಾದದ್ದನ್ನು ಕಿತ್ತು ಪೆಟ್ಟಿಗೆಯನ್ನು ಕೊಂದವರು ಲೋಕದಲ್ಲಿ ಕಡಿಮೆಯಿಲ್ಲ. ಎಡಗಡೆಯದು ಒಂದನೆಯದು, ಬಲಗಡೆಯದು ಎರಡನೆಯದು ಎಂಬ ಊಹೆಯನ್ನು ನಂಬದೆ ಫಲಕದ ಮೈಮೇಲಿನ ಅಂಕಿಯನ್ನೇ ಓದಬೇಕು. ಹೊಸದು ಹಳೆಯದಕ್ಕಿಂತ ಒಂದಿಷ್ಟೂ ಚಿಕ್ಕದಾಗಿರಬಾರದೆಂಬುದನ್ನೂ ನೋಡಬೇಕು. ಎರಡೂ ೨೫೦ ಎಂದು ಬರೆದುಕೊಂಡಿದ್ದರೂ, ಒಳಗಿನ ಅಳತೆಯಲ್ಲಿ ಕೂದಲೆಳೆಯಷ್ಟು ಕಡಿಮೆಯಿದ್ದರೆ ಕನ್ನಡಿ ಕೂಡುವುದಿಲ್ಲ.

ಪೆಟ್ಟಿಗೆಯಲ್ಲಿದ್ದುದು ಎರಡೇ ಜಾಗ. ಮೂರನೆಯದೊಂದಿದ್ದರೆ ಹೊಸದನ್ನು ಮೊದಲು ಸೇರಿಸಿ ಆಮೇಲೆ ಹಳೆಯದನ್ನು ಬಿಡಿಸಬಹುದಾಗಿತ್ತು. ಇಲ್ಲಿ ಒಂದನ್ನು ತೆಗೆಯದೆ ಇನ್ನೊಂದಕ್ಕೆ ಎಡೆಯಿಲ್ಲ. ಶೇಕಡಾ ೯೫ರ ಫಲಕವನ್ನು ತೆಗೆದು, ಒರಸಿ, ಮೇಜಿನ ಮೇಲೆ ಜೋಪಾನವಾಗಿಟ್ಟ. ಹೊಸದನ್ನು ಕೂರಿಸಿ ನಕಲು ಮಾಡುವ ಆಜ್ಞೆ ಕೊಟ್ಟ. ಶೇಕಡಾ ಹತ್ತು, ಇಪ್ಪತ್ತು, ನಲವತ್ತು. ಅರುವತ್ತರ ಬಳಿ ಪರದೆಯ ಮೇಲೆ ಒಂದು ಸಾಲು ಮೂಡಿತು: ಹಳೆಯ ಫಲಕದ ಒಂದು ತುಣುಕನ್ನು ಓದಲಾಗುತ್ತಿಲ್ಲ.

ಪೆಟ್ಟಿಗೆಯ ಕಡತವ್ಯವಸ್ಥೆ ಝಡ್‌ಎಫ್‌ಎಸ್ ಎಂಬುದಾಗಿತ್ತು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು ರೂಪಿಸಿ ೨೦೦೫ರಲ್ಲಿ ಎಲ್ಲರಿಗೂ ತೆರೆದಿಟ್ಟ ಆ ವ್ಯವಸ್ಥೆ, ತಾನು ಬರೆದ ಪ್ರತಿಯೊಂದು ತುಣುಕಿಗೂ ಒಂದು ಪರೀಕ್ಷಾಸಂಖ್ಯೆಯನ್ನು ಇಟ್ಟುಕೊಂಡಿರುತ್ತದೆ. ಓದಿದಾಗ ತಾಳೆ ನೋಡುತ್ತದೆ. ಆದುದರಿಂದ ಸುಳ್ಳನ್ನು ಸತ್ಯವೆಂದು ನಕಲು ಮಾಡದೆ, ಯಾವ ಕಡತ ಕೆಟ್ಟಿತೆಂದು ಹೆಸರು ಹಿಡಿದು ಹೇಳಿತು. ತರುಣ ಉಸಿರು ಬಿಗಿಹಿಡಿದು ಓದಿದ. ಕೆಟ್ಟದ್ದು ಹಿಂದಿನ ತಿಂಗಳ ಒಂದು ದಾಖಲೆಯ ಕಡತ. ನಿಯಮಗಳಲ್ಲ, ಗುಪ್ತಪದಗಳಲ್ಲ, ಪೆಟ್ಟಿಗೆಯ ಜೀವವಲ್ಲ. ಆ ಕಡತದ ಗಟ್ಟಿ ಪ್ರತಿ ಮೇಜಿನ ಮೇಲಿದ್ದ ಫಲಕದಲ್ಲಿ ಇನ್ನೂ ಉಳಿದಿತ್ತು. ತೆಗೆದ ಫಲಕವನ್ನು ಅವಸರದಿಂದ ಅಳಿಸಬಾರದು, ಎಸೆಯಬಾರದು ಎಂದು ಹಿರಿಯರು ಹೇಳುವುದು ಈ ಗಳಿಗೆಗಾಗಿ.

ಅಂದು ಅವನು ನಕಲು ಮುಗಿದ ಒಡನೆಯೆ ಮನೆಗೆ ಹೋಗಲಿಲ್ಲ. ಪೆಟ್ಟಿಗೆಯನ್ನು ಎಬ್ಬಿಸುವ ಕಿರುಭಾಗವೊಂದು ಫಲಕದ ಮೊದಲಲ್ಲಿರುತ್ತದೆ. ಎಷ್ಟೋ ವ್ಯವಸ್ಥೆಗಳಲ್ಲಿ ಕನ್ನಡಿ ಅದನ್ನು ತಾನಾಗಿ ನಕಲು ಮಾಡುವುದಿಲ್ಲ. ಇದನ್ನು ಮರೆತವನ ಪೆಟ್ಟಿಗೆ ಅಂದೇನೋ ಚೆನ್ನಾಗಿಯೇ ನಡೆಯುತ್ತದೆ. ತಿಂಗಳುಗಳು ಕಳೆದು ಹಳೆಯ ಫಲಕವನ್ನು ತೆಗೆದು ವಿದ್ಯುತ್ತು ಕೊಟ್ಟ ದಿನ ಅದು ಏಳುವುದೇ ಇಲ್ಲ. ತರುಣ ಆ ಭಾಗವನ್ನು ತಾನೇ ಬರೆದು, ಪೆಟ್ಟಿಗೆಯನ್ನು ಆರಿಸಿ, ಹಳೆಯ ಫಲಕವನ್ನು ಬಿಡಿಸಿ, ಹೊಸದೊಂದರಿಂದಲೇ ಎಬ್ಬಿಸಿ ನೋಡಿದ. ಎದ್ದಿತು. ಹಳೆಯದನ್ನು ಮತ್ತೆ ಕೂಡಿಸಿದ. ಹೊರಗೆ ಬಂದಾಗ ಸಂಜೆಯ ರೈಲು ಹೋಗಿಯಾಗಿತ್ತು.

ಸೋಮವಾರ ಬೆಳಗ್ಗೆ ಅವನು ಪರದೆಯ ಆ ಒಂದು ಸಾಲನ್ನು ಅಚ್ಚುಹಾಕಿಸಿ ಲೆಕ್ಕಾಧಿಕಾರಿಗಳ ಮೇಜಿನ ಮೇಲಿಟ್ಟ. ಅವರು ಎರಡು ಸಲ ಓದಿದರು.

“ಎಂದರೆ, ಮೊದಲನೆಯದು ತಾನಾಗಿ ಸತ್ತಿದ್ದರೆ?” ಎಂದರು.

“ಇದನ್ನು ನಂಬಿ ಕುಳಿತಿರುತ್ತಿದ್ದೆವು, ಸ್ವಾಮಿ.”

ಎರಡನೆಯ ಫಲಕಕ್ಕೆ ಅಂದೇ ಸಹಿ ಬಿದ್ದಿತು. ಕೆಲವು ತಿಂಗಳು ಕಾಯುವ ಎಣಿಕೆ ಉಳಿಯಲಿಲ್ಲ; ಓದಲು ತಡವರಿಸಿದ ಫಲಕವನ್ನು ಕಾಯಿಸುವುದು ತರವಲ್ಲ. ಮುಂದಿನ ಭಾನುವಾರ ಬೇರೊಂದು ಸಂಸ್ಥೆಯ, ಹೆಚ್ಚು ಬರವಣಿಗೆಯನ್ನು ತಾಳುವ ಫಲಕ ಅದರ ಜಾಗಕ್ಕೆ ಬಂದಿತು. ಎರಡರ ನಡುವೆ ವಯಸ್ಸಿನ ಅಂತರ ಒಂದೇ ವಾರವಾದುದರಿಂದ, ತರುಣ ದಿನಚರಿಯಲ್ಲಿ ಇನ್ನೊಂದು ಮಾತನ್ನು ಬರೆದಿಟ್ಟ: ಎರಡು ವರ್ಷಗಳ ಮೇಲೆ, ಮೊದಲನೆಯದು ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಬದಲಾಯಿಸತಕ್ಕದ್ದು. ತೆಗೆದ ಫಲಕಗಳಲ್ಲಿ ಕಾರ್ಖಾನೆಯ ಗುಟ್ಟುಗಳಿದ್ದವು. ಅಗತ್ಯವಾದುದನ್ನು ಉಳಿಸಿಕೊಂಡ ಮೇಲೆ ಅವನ್ನು ಪೂರ್ತಿಯಾಗಿ ಅಳಿಸಿ, ವಿದ್ಯುನ್ಮಾನ ಕಸದ ನಿಯಮಕ್ಕೆ ಒಳಪಟ್ಟ ಸಂಸ್ಕಾರಕರಿಗೆ ಒಪ್ಪಿಸಿದ. ಸವೆದ ಫಲಕವನ್ನು ಬೀರುವಿನಲ್ಲಿಟ್ಟು ಅದೇ ನಕಲೆಂದು ನಂಬುವುದೂ ಸಲ್ಲದು. ಆಯುಸ್ಸು ಮುಗಿದ ಸಾಮಾನ್ಯ ಫಲಕ ವಿದ್ಯುತ್ತಿಲ್ಲದೆ ೩೦ ಡಿಗ್ರಿಯ ಕಾವಿನಲ್ಲಿ ಒಂದು ವರ್ಷದವರೆಗೆ ನೆನಪಿಟ್ಟುಕೊಂಡರೆ ಸಾಕೆಂಬುದೇ ಆ ಉದ್ಯಮದ ಅಂಗೀಕೃತ ಅಳತೆ.

ತಾಂಡವಪುರದಿಂದ ತುಸು ಮುಂದೆ ನಂಜನಗೂಡಿನಲ್ಲಿ ಕಪಿಲೆಯ ಮೇಲೆ ಒಂದು ಹಳೆಯ ಸೇತುವೆಯಿದೆ. ೧೭೩೫ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ್ದು. ಮುಂದೆ ರೈಲು ಬಂದಾಗ ರಸ್ತೆಯ ಜೊತೆಗೆ ಹಳಿಯನ್ನೂ ಅದೇ ಹೊತ್ತಿತು. ಎಷ್ಟೋ ತಲೆಮಾರುಗಳು ಅದರ ಕಮಾನುಗಳನ್ನು ನಂಬಿ ನದಿ ದಾಟಿದವು. ಆದರೂ ಅದು ಕುಸಿಯಲೆಂದು ಯಾರೂ ಕಾಯಲಿಲ್ಲ. ಪಕ್ಕದಲ್ಲಿ ಹೊಸ ಸೇತುವೆಗಳು ಎದ್ದ ಮೇಲೆ ಅದರ ಹೆಗಲಿನ ಭಾರ ಇಳಿಯಿತು. ಇಂದು ಅದು ಪರಂಪರೆಯ ಸ್ಮಾರಕವಾಗಿ ನಿಂತಿದೆ. ಯಾರೂ ನೀರಿಗೆ ಬೀಳಲಿಲ್ಲವಾದುದರಿಂದ, ಹಾಗೆ ಸಕಾಲದಲ್ಲಿ ಯೋಚಿಸಿದವರ ಹೆಸರು ಯಾರ ಬಾಯಲ್ಲಿಯೂ ಇಲ್ಲ.

ಕಾರ್ಖಾನೆಯ ಗೋಡೆಯೊಳಗಿನ ಈ ಮಾತು ಮನೆಯವರಿಗೂ ಸಲ್ಲುತ್ತದೆ. ಮಗಳ ಮದುವೆಯ ಚಿತ್ರಗಳನ್ನು ಎರಡು ಕಡೆ ಇಟ್ಟಿದ್ದೇವೆ ಎನ್ನುವ ತಂದೆ, ಆ ಎರಡನ್ನೂ ಒಂದೇ ದಿನ ಕೊಂಡು ಒಂದೇ ಬೀರುವಿನ ಒಂದೇ ಅರೆಯಲ್ಲಿ ಇಟ್ಟಿದ್ದರೆ, ಅವನ ಬಳಿ ಎರಡಿಲ್ಲ. ಒಂದೇ ಇದೆ, ಎರಡು ಹೋಳಾಗಿ. ಒಂದು ಈ ವರ್ಷದ್ದು, ಇನ್ನೊಂದು ಮೂರು ವರ್ಷದ ಹಿಂದಿನದು. ಒಂದು ಮೈಸೂರಿನಲ್ಲಿ, ಇನ್ನೊಂದು ಬೆಂಗಳೂರಿನ ಅಳಿಯನ ಮನೆಯಲ್ಲಿ. ಒಂದು ಫಲಕ, ಇನ್ನೊಂದು ಬೇರೆ ಬಗೆಯದು. ಹೀಗಿದ್ದಾಗ ಎಣಿಕೆ ಎರಡಾಗುತ್ತದೆ. ವರ್ಷಕ್ಕೊಮ್ಮೆ ಎರಡನ್ನೂ ತೆರೆದು ನೋಡುವ ಶ್ರಮವನ್ನೂ ಪಟ್ಟರೆ ಆ ಎಣಿಕೆ ನಂಬತಕ್ಕದ್ದಾಗುತ್ತದೆ.

ತಾಂಡವಪುರದ ಆ ಕಾರ್ಖಾನೆಯಲ್ಲಿ ಅಂದಿನಿಂದ ವಿಶೇಷವೇನೂ ನಡೆಯಲಿಲ್ಲ. ಲಾರಿಗಳು ಹೊತ್ತಿಗೆ ಸರಿಯಾಗಿ ಹೊರಟವು. ತರುಣನನ್ನು ಯಾರೂ ಹೊಗಳಲಿಲ್ಲ; ಹೊಗಳುವಂಥದೇನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಲೆಕ್ಕಾಧಿಕಾರಿಗಳು ಮಾತ್ರ ತಿಂಗಳ ಮೊದಲ ದಿನ ಅವನನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆ ಕೇಳತೊಡಗಿದರು: “ಸವೆತ ಎಷ್ಟಾಯಿತಪ್ಪ?”